ಗಾಡಿ ಉಳಿದೀತು, ಪಂಪು ಓಡೀತೇ?

2025ರ ಮೇ 7ರಂದು ಮುಂಬೈಯಲ್ಲಿ ಯುದ್ಧದ ಸೈರನ್ ಕೂಗಿತು. ದೇಶದ ಎಲ್ಲೆಡೆ ನಡೆದ ನಾಗರಿಕ ರಕ್ಷಣಾ ಕವಾಯತಿನ ಭಾಗ ಅದು. ನಮ್ಮ ಮುಲುಂಡಿನ ಮನೆಗೆ ಸೈರನ್ ಕೇಳಿಸಲಿಲ್ಲ. ಕೇಳಿಸಿದ್ದು ಮೊಬೈಲಿನ ಟಿಂಗ್ ಟಿಂಗ್ ಮಾತ್ರ. ಎಟಿಎಂಗಳು ಎರಡು ಮೂರು ದಿನ ಮುಚ್ಚುತ್ತವೆ ಎಂಬ ಸುಳ್ಳು ಆ ವಾರ ಊರೂರು ಸುತ್ತಿತು. ಸರ್ಕಾರವೇ ಅದನ್ನು ಅಲ್ಲಗಳೆಯಬೇಕಾಯಿತು. ಅದರ ಬೆನ್ನಿಗೇ ನಮ್ಮ ಕನ್ನಡದವರ ಗುಂಪಿಗೆ ಇನ್ನೊಂದು ಬಂತು: ಶತ್ರು ಆಕಾಶದಲ್ಲಿ ಇಎಂಪಿ (ಅಂದರೆ ವಿದ್ಯುತ್ಕಾಂತೀಯ ಹೊಡೆತದ) ಬಾಂಬು ಸಿಡಿಸಿದರೆ ಕಾರು, ಫ್ರಿಜ್ಜು, ಫೋನು ಎಲ್ಲ ಒಂದೇ ಕ್ಷಣದಲ್ಲಿ ಸುಟ್ಟು ಹೋಗುತ್ತವೆ, ಈಗಲೇ ತಯಾರಾಗಿ.

ಮರುದಿನ ಬೆಳಿಗ್ಗೆ ನಾಲ್ಕನೇ ಮಹಡಿಯ ಶೆಟ್ಟರು ಗೇಟಿನ ಹತ್ತಿರ ಸಿಕ್ಕಿದರು. ಕುಂದಾಪುರದ ಕಡೆಯವರು. ನಲವತ್ತು ವರ್ಷ ಹೋಟೆಲು ನಡೆಸಿ ಈಗ ಮನೆಯಲ್ಲಿದ್ದಾರೆ. "ಅಲ್ಲ ಮಾರಾಯ್ರೇ, ಕಾರಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ರೆ ಆದೀತಾ? ಹೋಟ್ಲಿನ ಕಾಲದ ನಾಲ್ಕು ರೋಲು ಹಾಗೇ ಉಂಟು" ಎಂದರು. ನಗು ಬಂತು. ಆದರೆ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಎಂಪಿ ಎನ್ನುವುದು ಕಟ್ಟುಕತೆಯಲ್ಲ. "ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣ ಬರುತ್ತವೆ, ಮೊಬೈಲ್ ಆಫ್ ಮಾಡಿ" ಎಂದು ವರ್ಷಕ್ಕೊಮ್ಮೆ ಬರುತ್ತದಲ್ಲ, ಆ ಜಾತಿಯದಲ್ಲ ಇದು. ನಿಜ ಇದೆ. ಎಷ್ಟು ನಿಜ, ಅದರಲ್ಲಿ ನಮ್ಮ ಕಾರಿನ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು, ನಿಜವಾಗಿ ನಡೆದದ್ದು. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ, 400 ಕಿಲೋಮೀಟರ್ ಎತ್ತರದಲ್ಲಿ, 1.4 ಮೆಗಾಟನ್ ಅಣುಬಾಂಬು ಸಿಡಿಸಿತು. ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. ಹವಾಯಿ ಅಲ್ಲಿಂದ 1,400 ಕಿಲೋಮೀಟರಿಗೂ ದೂರ. ಅಲ್ಲಿ ಆಗ ಇನ್ನೂ ಹಿಂದಿನ ದಿನದ ರಾತ್ರಿ. ಆಕಾಶ ಬಣ್ಣ ಬಣ್ಣವಾಯಿತು. ಸುಮಾರು 300 ಬೀದಿದೀಪ ಆರಿದವು. ಕಳ್ಳರ ಅಲಾರಂಗಳು ತಾವಾಗಿ ಕೂಗಿಕೊಂಡವು. ದ್ವೀಪಗಳ ನಡುವಿನ ಒಂದು ಟೆಲಿಫೋನ್ ಸಂಪರ್ಕ ಕೆಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಕಜಾಕಿಸ್ತಾನದ ಮೇಲೆ, 290 ಕಿಲೋಮೀಟರ್ ಎತ್ತರದಲ್ಲಿ, 300 ಕಿಲೋಟನ್ ಬಾಂಬು ಸಿಡಿಸಿತು. ಹವಾಯಿಯದಕ್ಕಿಂತ ಎಷ್ಟೋ ಚಿಕ್ಕ ಬಾಂಬು. ಆದರೆ ಈ ಸಲ ಕೆಳಗೆ ಸಮುದ್ರ ಇರಲಿಲ್ಲ, ಊರುಗಳಿದ್ದವು. 570 ಕಿಲೋಮೀಟರ್ ಉದ್ದದ ಟೆಲಿಫೋನ್ ಲೈನಿನ ಫ್ಯೂಸುಗಳು ಹಾರಿದವು. ಸಾವಿರ ಕಿಲೋಮೀಟರ್ ಉದ್ದದ, ನೆಲದೊಳಗೆ ಹೂತಿದ್ದ ವಿದ್ಯುತ್ ಕೇಬಲ್ಲು ಬಂದ್ ಬಿತ್ತು. ಕರಗಂಡಾದ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಎದ್ದಿತು. ಮರುವರ್ಷ, 1963ರಲ್ಲಿ, ಆಕಾಶದಲ್ಲಿ ಅಣುಪರೀಕ್ಷೆ ಬೇಡ ಎಂಬ ಒಪ್ಪಂದವಾಯಿತು. ಹೀಗಾಗಿ ನಮ್ಮ ಕಾಲದ ಊರೊಂದರ ಮೇಲೆ ಇದು ಹೇಗೆ ಬೀಳುತ್ತದೆ ಎಂದು ಕಂಡವರು ಯಾರೂ ಇಲ್ಲ. ಹೇಳುವುದೆಲ್ಲ ಲೆಕ್ಕ ಮತ್ತು ಲ್ಯಾಬಿನ ಮಾತು.

ಆ ಎರಡು ಘಟನೆಗಳಲ್ಲಿ ಕೆಟ್ಟದ್ದು ಏನು ಅಂತ ಗಮನಿಸಿ. ಬೀದಿದೀಪದ ಸಾಲು, ಟೆಲಿಫೋನ್ ಲೈನು, ಕೇಬಲ್ಲು. ಎಲ್ಲವೂ ಉದ್ದನೆಯ ತಂತಿಯ ತುದಿಯಲ್ಲಿದ್ದವು. ಈ ವಿಷಯದ ಜೀವಾಳ ಇರುವುದು ಇಲ್ಲೇ.

ಬಾಂಬು ಎತ್ತರದಲ್ಲಿ ಸಿಡಿದಾಗ ಗಾಮಾ ಕಿರಣಗಳು ಕೆಳಗೆ ನುಗ್ಗಿ, ನೆಲದಿಂದ 20ರಿಂದ 40 ಕಿಲೋಮೀಟರ್ ಮೇಲಿನ ತೆಳುಗಾಳಿಯಲ್ಲಿ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಆ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಕೆ ಸಿಕ್ಕಿ ಬಾಗುತ್ತವೆ. ಬಾಗುವಾಗ ಒಟ್ಟಿಗೇ ರೇಡಿಯೋ ಅಲೆಯೊಂದನ್ನು ಉಗುಳುತ್ತವೆ. ಮೊದಲ ಹೊಡೆತ ಇದೇ. ತಜ್ಞರು ಇದಕ್ಕೆ ಇ1 ಅನ್ನುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದರ ಗರಿಷ್ಠ ಬಲವನ್ನು ಮೀಟರಿಗೆ 50,000 ವೋಲ್ಟ್ ಎಂದು ಹಿಡಿದಿದ್ದಾರೆ. ಏರುವುದಕ್ಕೆ ತಗಲುವ ಸಮಯ 2.5 ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕು ಕೂಡ ಒಂದು ಮೀಟರ್ ದಾಟುವುದಿಲ್ಲ. ಎರಡನೆಯದು ಇ2, ಹೆಚ್ಚುಕಡಿಮೆ ಸಿಡಿಲಿನ ಹಾಗೆ. ಮೂರನೆಯದು ಇ3. ಇದು ನಿಧಾನ. ಸೆಕೆಂಡು, ನಿಮಿಷಗಳ ಲೆಕ್ಕದಲ್ಲಿ ಬಂದು, ನೂರಾರು ಕಿಲೋಮೀಟರ್ ಉದ್ದದ ಲೈನುಗಳಿಗೆ ಹೊಕ್ಕು, ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಕಾಯಿಸುತ್ತದೆ.

ತಂತಿ ಎಷ್ಟು ಉದ್ದವೋ ಅಷ್ಟು ಜಾಸ್ತಿ ಹಿಡಿದುಕೊಳ್ಳುತ್ತದೆ. ಅಂಗೈಯಲ್ಲಿರುವ ಫೋನು ಚಿಕ್ಕದು. ಚಾರ್ಜರಿಗೆ ಸಿಕ್ಕಿಸದೆ ಇದ್ದರೆ ಅದು ಬದುಕುವ ಸಾಧ್ಯತೆಯೇ ಹೆಚ್ಚು. ಅದೇ ಫೋನು ಚಾರ್ಜರಿನಲ್ಲಿದ್ದರೆ ಮನೆಯ ವೈರಿಂಗು, ಬಿಲ್ಡಿಂಗಿನ ಮೀಟರು, ರಸ್ತೆಯ ಕೇಬಲ್ಲು ಎಲ್ಲ ಸೇರಿ ಅದರ ಬಾಲವಾಗುತ್ತವೆ. ನನಗೆ ಇದು ಸಿಡಿಲಿನಿಂದ ತಲೆಗೆ ಹೋದ ಪಾಠ. ಒಂದು ಅಕ್ಟೋಬರಿನ ಸಂಜೆ ಗುಡುಗು ಶುರುವಾದ ಕೂಡಲೇ ಟಿವಿಯ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತೆ. ಬಹಳ ಜಾಣ ಅಂದುಕೊಂಡೆ. ಹಿಂದುಗಡೆಯ ಕೇಬಲ್ ತಂತಿ ಹಾಗೇ ಇತ್ತು. ಟಿವಿಯೂ ಹೋಯಿತು, ಪಕ್ಕದ ಮೋಡೆಮ್ಮೂ ಹೋಯಿತು. ಸಿಡಿಲು ಬಿದ್ದದ್ದು ಎರಡು ಬಿಲ್ಡಿಂಗ್ ಆಚೆ.

ಈಗ ಕಾರಿಗೆ ಬರೋಣ. ಅಮೆರಿಕದ ಸಂಸತ್ತು ನೇಮಿಸಿದ್ದ ಇಎಂಪಿ ಆಯೋಗ 2008ರ ತನ್ನ ವರದಿಯಲ್ಲಿ ಇದನ್ನು ಬರೆದಿದೆ. 1986ರಿಂದ 2002ರವರೆಗಿನ ಮಾದರಿಯ 37 ಕಾರುಗಳನ್ನೂ 18 ಟ್ರಕ್ಕುಗಳನ್ನೂ ಲ್ಯಾಬಿನ ಕೃತಕ ಹೊಡೆತಕ್ಕೆ ಒಡ್ಡಿದರು. ಎಂಜಿನ್ ಆಫ್ ಆಗಿದ್ದಾಗ ಯಾವ ಗಾಡಿಗೂ ಏನೂ ಆಗಲಿಲ್ಲ. ಎಂಜಿನ್ ಓಡುತ್ತಿದ್ದ ಕಾರುಗಳಲ್ಲಿ ಮೂರು, ಮೀಟರಿಗೆ ಸುಮಾರು 30,000 ವೋಲ್ಟಿನ ಮೇಲೆ ಹೋದಾಗ, ನಿಂತವು. ಮತ್ತೆ ಕೀ ತಿರುಗಿಸಿದರೆ ಹೊರಟವು. ಬಹುಪಾಲು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ದೀಪ ಮಿಣುಕುವಂಥ ಸಣ್ಣ ತಕರಾರು. ಟ್ರಕ್ಕುಗಳಲ್ಲೂ ಮೂರು ನಿಂತವು. ಎರಡು ಕೂಡಲೇ ಚಾಲೂ ಆದವು, ಒಂದನ್ನು ಗ್ಯಾರೇಜಿಗೆ ಎಳೆದೊಯ್ಯಬೇಕಾಯಿತು. ಹೊಡೆತ ಜೋರಾಗಿ ಬೀಳುವ ಕಡೆ ಹತ್ತರಲ್ಲಿ ಒಂದು ಕಾರಿಗೆ ಎಂಜಿನ್ ನಿಲ್ಲುವಂಥ ತೊಂದರೆ ಆಗಬಹುದು ಎಂಬುದು ಆಯೋಗದ ಅಂದಾಜು. ಹತ್ತರಲ್ಲಿ ಒಂದು ನಿಂತರೆ ಸಾಕು, ನಮ್ಮ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಡೀ ನಿಲ್ಲುತ್ತದೆ. ಶುಕ್ರವಾರ ಸಂಜೆ ಅಷ್ಟೂ ಬೇಕಿಲ್ಲ ಬಿಡಿ.

ಅಂದರೆ "ಎಲ್ಲ ಕಾರುಗಳೂ ಕಸ" ಎಂಬ ಮಾತು ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಾಗಂತ ನಿಶ್ಚಿಂತರಾಗಿರಲೂ ಆಗದು. 2002ರ ಕಾರು ಬೇರೆ, ಈಗಿನ ಕಾರು ಬೇರೆ. ಈಗ ಸ್ಟಿಯರಿಂಗು, ಬ್ರೇಕು, ಬಾಗಿಲ ಬೀಗ ಎಲ್ಲದರ ಹಿಂದೆ ಒಂದೊಂದು ಪುಟ್ಟ ಕಂಪ್ಯೂಟರ್ ಕೂತಿದೆ. ಆ ಪಟ್ಟಿಯಲ್ಲಿ ಇವತ್ತಿನ ಬ್ಯಾಟರಿ ಕಾರೂ ಇರಲಿಲ್ಲ, ಬ್ಯಾಟರಿ ಸ್ಕೂಟರೂ ಇರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಈಗಿನ ಗಾಡಿಗಳು ರೇಡಿಯೋ ಅಲೆ ತಡೆಯುವ ಪರೀಕ್ಷೆ ಪಾಸಾಗಿಯೇ ಬರುತ್ತವೆ. ಪುಣೆಯ ಕೋಥ್ರುಡ್ ಗುಡ್ಡದ ಮೇಲೆ 1966ರಿಂದ ಇರುವ ಎಆರ್‌ಎಐ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ಮೊಬೈಲ್ ಟವರಿನ ಹತ್ತಿರ ಹಾದಾಗ ಬ್ರೇಕು ಹುಚ್ಚು ಹಿಡಿದಂತೆ ಆಡಬಾರದಲ್ಲ, ಅದಕ್ಕೆ. ಆದರೆ ವಾಹನಗಳಿಗೆ ವಿಶ್ವಸಂಸ್ಥೆಯ ಆರ್-10 ನಿಯಮ ಕೇಳುವುದು ಮೀಟರಿಗೆ 30 ವೋಲ್ಟ್ ತಡೆಯುವ ಶಕ್ತಿ. ಇಎಂಪಿಯ ಲೆಕ್ಕ 50,000. ಒಂದು ಬಿಡದೆ ಬರುವ ಅಲೆ, ಇನ್ನೊಂದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿಯುವ ಹೊಡೆತ. ಹಾಗಾಗಿ ನೇರವಾಗಿ ತೂಗುವಂತಿಲ್ಲ. ಆದರೂ ಕಾರು ಕಂಪನಿಗಳು ಈ ಹೊಡೆತವನ್ನು ಮನಸ್ಸಿನಲ್ಲಿಟ್ಟು ಗಾಡಿ ಕಟ್ಟುವುದಿಲ್ಲ ಎಂಬುದಂತೂ ಸ್ಪಷ್ಟ.

ಶೆಟ್ಟರ ಫಾಯಿಲಿನ ಕತೆ? ಲೋಹದ ಪೆಟ್ಟಿಗೆ ಅಲೆಯನ್ನು ಹೊರಗಿಡುತ್ತದೆ, ನಿಜ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಫೋನು ಕಟ್ ಆಗುವುದು ಅದಕ್ಕೇ. ಆದರೆ ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕು. ಸಂದಿ ಇದ್ದರೆ ಅಲೆ ಸಂದಿಯಿಂದಲೇ ನುಗ್ಗುತ್ತದೆ. ಕಾರಿಗೆ ಸುತ್ತ ಗಾಜು, ಮುಂದೆ ಹಿಂದೆ ಪ್ಲಾಸ್ಟಿಕ್ ಬಂಪರು. ಮೇಲಿಂದ ಹೊದಿಸಿದರೆ ಅಡಿಯಲ್ಲಿ ತೆರೆದೇ ಇರುತ್ತದೆ. ಬೆಳ್ಳಿ ಬಣ್ಣದ ಕಾರು ಕವರಿನಿಂದ ಬಿಸಿಲು ತಪ್ಪೀತು, ಪಾರಿವಾಳದ ಕಾಟ ತಪ್ಪೀತು, ಅಷ್ಟೇ. ಟಯರು ರಬ್ಬರಿನದ್ದಲ್ವಾ, ಕರೆಂಟು ಹರಿಯಲ್ಲ ಎಂಬ ಇನ್ನೊಂದು ಸಮಾಧಾನವಿದೆ. ಅದೂ ಸುಳ್ಳು. ಅಲೆ ಬರುವುದು ಗಾಳಿಯಲ್ಲಿ, ಟಯರಿನ ಮೂಲಕ ಅಲ್ಲ.

ಹಳೇ ಗಾಡಿಯ ವಾದಕ್ಕೆ ಸ್ವಲ್ಪ ಮರ್ಯಾದೆ ಕೊಡಬೇಕು. ಕಾರ್ಬ್ಯುರೇಟರು, ಪಾಯಿಂಟು, ಕಾಯಿಲು ಇರುವ ಗಾಡಿಯಲ್ಲಿ ಸುಡುವುದಕ್ಕೆ ಎಲೆಕ್ಟ್ರಾನಿಕ್ ಚಿಪ್ಪೇ ಇಲ್ಲ. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ಅಂಥದು. ಆದರೆ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿಗೆ ಅದೂ ರಸ್ತೆ ಬಿಟ್ಟಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಸ್ಕೂಟರು ಬೈಕುಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಚಿಪ್ಪು ಬಂತು. ಆದರೆ ಇದೊಂದು ಕಾರಣಕ್ಕೆ ಹಳೆಯ ಗಾಡಿ ಹುಡುಕಿ ಕೊಳ್ಳುವವರಿಗೆ ಒಂದು ಪ್ರಶ್ನೆ: ಪೆಟ್ರೋಲು ಎಲ್ಲಿಂದ ಹಾಕಿಸುತ್ತೀರಿ?

ನನ್ನ ತಕರಾರು ಇರುವುದು ಇಲ್ಲಿ. ಕಾರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ಪಂಪಿನ ಬಗ್ಗೆ ಯೋಚಿಸುವುದೇ ಇಲ್ಲ. ಪೆಟ್ರೋಲು ಇರುವುದು ನೆಲದೊಳಗಿನ ಟ್ಯಾಂಕಿನಲ್ಲಿ. ಮೇಲೆ ತರುವುದು ಕರೆಂಟಿನ ಮೋಟರು. ಬಿಲ್ಲು, ಕಾರ್ಡು, ಯುಪಿಐ ಎಲ್ಲಕ್ಕೂ ಕರೆಂಟು, ನೆಟ್ವರ್ಕು ಬೇಕು. ಮುಂಬೈಯ ಆಟೋ, ಟ್ಯಾಕ್ಸಿ ಬಹುಪಾಲು ಓಡುವುದು ಸಿಎನ್‌ಜಿಯಲ್ಲಿ. ಅದನ್ನು ಒತ್ತಿ ತುಂಬುವ ಕಂಪ್ರೆಸರಿಗೂ ಕರೆಂಟೇ ಬೇಕು. 2025ರ ನವೆಂಬರಿನಲ್ಲಿ ಒಂದು ಗ್ಯಾಸ್ ಪೈಪಿಗೆ ಪೆಟ್ಟು ಬಿತ್ತು. ಬಾಂಬೂ ಇಲ್ಲ, ಯುದ್ಧವೂ ಇಲ್ಲ. ಅಷ್ಟಕ್ಕೇ ಸಿಎನ್‌ಜಿ ಪಂಪುಗಳ ಮುಂದೆ ಆಟೋಗಳ ಸಾಲು ಬೆಳೆಯಿತು, ಆಫೀಸಿಗೆ ಹೊರಟವರು ಬೀದಿಯಲ್ಲಿ ನಿಂತರು.

ಇನ್ನು ನಮ್ಮ ಹೊಸ ಟವರುಗಳ ಸ್ಟ್ಯಾಕ್ ಪಾರ್ಕಿಂಗು. ಒಂದರ ಮೇಲೊಂದು ಕಾರು, ಬಟನ್ ಒತ್ತಿದರೆ ತೊಟ್ಟಿಲಿನ ಹಾಗೆ ಇಳಿದು ಬರುತ್ತದೆ. ಕರೆಂಟು ಹೋದರೆ, ಜನರೇಟರಿನ ಕಂಟ್ರೋಲ್ ಪ್ಯಾನೆಲ್ಲೂ ಹೋದರೆ, ನಿಮ್ಮ ಕಾರು ಸಂಪೂರ್ಣ ಆರೋಗ್ಯವಾಗಿ ಮೂರನೇ ಅಂತಸ್ತಿನಲ್ಲಿ ಕೂತಿರುತ್ತದೆ. ನೀವು ಕೆಳಗೆ ನಿಂತು ನೋಡಬಹುದು.

ಮನೆಯೊಳಗಿನ ಪಂಪಿನ ಕತೆ ಇನ್ನೂ ಹತ್ತಿರದ್ದು. ಮುಂಬೈಗೆ ನೀರು ಬರುವುದು ಊರ ಹೊರಗಿನ ಕೆರೆ, ಅಣೆಕಟ್ಟುಗಳಿಂದ. ಭಾತ್ಸಾದ ನೀರನ್ನು ಪಿಸೆ, ಪಾಂಜ್ರಾಪುರದಲ್ಲಿ ಪಂಪು ಮಾಡಿ ಕಳಿಸಬೇಕು. ಅಲ್ಲಿ ಕರೆಂಟು ಕೈಕೊಟ್ಟ ದಿನ ಇಲ್ಲಿ ನೀರು ಕಡಿತದ ಪ್ರಕಟಣೆ ಬರುವುದು ನಮಗೆ ಹೊಸದಲ್ಲ. ಬಂದ ನೀರು ಬಿಲ್ಡಿಂಗಿನ ನೆಲದ ಟ್ಯಾಂಕಿಗೆ ಬೀಳುತ್ತದೆ. ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುವುದು ಇನ್ನೊಂದು ಪಂಪು. ಮೇಲಿನ ಟ್ಯಾಂಕು ಖಾಲಿಯಾದ ಕ್ಷಣದಿಂದ ಇಪ್ಪತ್ತನೇ ಮಹಡಿಯ ಫ್ಲ್ಯಾಟು ಮನೆಯಲ್ಲ, ಬೆಟ್ಟದ ಗುಹೆ. ಲಿಫ್ಟೂ ಇಲ್ಲವಲ್ಲ.

ಇದನ್ನು ನಾವು ಒಂದು ಸಲ ಸಣ್ಣದಾಗಿ ಉಂಡಿದ್ದೇವೆ. 2020ರ ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ ಸುಮಾರು ಹತ್ತು ಗಂಟೆ. ಕಳ್ವಾ, ಪಡ್ಘಾ ಕಡೆಯ ಹೈಟೆನ್ಷನ್ ಲೈನುಗಳು ಒಂದಾದ ಮೇಲೊಂದು ಟ್ರಿಪ್ ಆಗಿ ಮುಂಬೈ, ಠಾಣೆ, ನವಿ ಮುಂಬೈ ಕತ್ತಲಾದವು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಮುಂಬೈಗೆ ಒಂದು ಹಳೇ ಹೆಮ್ಮೆ ಇತ್ತು. ರಾಜ್ಯದ ಗ್ರಿಡ್ಡು ಬಿದ್ದರೂ ಊರು ತನ್ನನ್ನು ಕತ್ತರಿಸಿಕೊಂಡು, ಟ್ರಾಂಬೆಯಲ್ಲಿ ತಯಾರಾಗುವ ಕರೆಂಟಿನಲ್ಲಿ ದ್ವೀಪದ ಹಾಗೆ ಬದುಕುತ್ತದೆ ಎಂದು. ಅಂದು ಆ ಏರ್ಪಾಡು ಕೈಕೊಟ್ಟಿತು. ಚೀನಾದ ಹ್ಯಾಕರುಗಳ ಕೈವಾಡ ಎಂಬ ಮಾತೂ ಆಮೇಲೆ ಎದ್ದಿತು. ರಾಜ್ಯ ಸರ್ಕಾರ ಒಂದು ಹೇಳಿತು, ಕೇಂದ್ರ ಅದು ಮನುಷ್ಯರ ತಪ್ಪು ಎಂದಿತು. ಯಾರದೇ ತಪ್ಪಿರಲಿ, ಕೊರೊನಾ ಕಾಲ, ಮಗಳ ಆನ್‌ಲೈನ್ ಕ್ಲಾಸು ಅರ್ಧಕ್ಕೆ ನಿಂತಿತು, ಮಧ್ಯಾಹ್ನಕ್ಕೆ ನಮ್ಮ ನಲ್ಲಿ ಬುಸ್ ಅಂತು. ಕೆಲವು ಗಂಟೆಗಳ ಮಾತಿಗೇ ಅಷ್ಟು ಗಡಿಬಿಡಿ.

ಹಾಗಾದರೆ ಯಾರಾದರೂ ನಿಜವಾಗಿ ಇಎಂಪಿ ಬಾಂಬು ಹಾಕುತ್ತಾರಾ? ನನಗೆ ಹಾಗೆ ಅನಿಸುವುದಿಲ್ಲ. ಕಾರಣ ಸುಮ್ನೆ ಭರವಸೆಯಲ್ಲ, ಭೂಗೋಳ. ಹೊಡೆತ ಬೀಳುವುದು ಬಾಂಬಿನಿಂದ ನೇರವಾಗಿ ಕಾಣುವ ನೆಲದ ಮೇಲೆಲ್ಲ. 400 ಕಿಲೋಮೀಟರ್ ಎತ್ತರದಲ್ಲಿ ಸಿಡಿದರೆ ಆ ವರ್ತುಲದ ಅಂಚು ಸುಮಾರು 2,200 ಕಿಲೋಮೀಟರ್ ದೂರ. ಮುಂಬೈಯ ನೆತ್ತಿಯ ಮೇಲೆ ಸಿಡಿಸಿದರೆ ಕರಾಚಿ, ಲಾಹೋರ್, ಇಸ್ಲಾಮಾಬಾದ್ ಮೂರೂ ಅದರೊಳಗೆ. ಬರೀ 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಸಿದರೆ ವರ್ತುಲ 600 ಕಿಲೋಮೀಟರಿನಷ್ಟು. ಆಗ ಹುಬ್ಬಳ್ಳಿ ಒಳಗೆ, ಮಂಗಳೂರು ಹೊರಗೆ. ಜೊತೆಗೆ ಎತ್ತರದಲ್ಲಿ ಸಿಡಿಸಿದರೂ ಅದು ಅಣುಬಾಂಬೇ. ಮೊದಲು ನಾವು ಹಾಕುವುದಿಲ್ಲ, ಹಾಕಿಸಿಕೊಂಡರೆ ಭಾರಿ ಉತ್ತರ ಕೊಡುತ್ತೇವೆ ಎಂಬುದು 2003ರಲ್ಲಿ ಪ್ರಕಟವಾದ ಭಾರತದ ನೀತಿ. ಬೀದಿದೀಪ ಆರಿಸಲು ಅಂಥ ಬೆಲೆ ಯಾರು ಕೊಡುತ್ತಾರೆ? ಅಣುಬಾಂಬಿಲ್ಲದ ಮೈಕ್ರೋವೇವ್ ಆಯುಧಗಳೂ ಇವೆ. 2012ರಲ್ಲಿ ಅಮೆರಿಕ ಅಂಥ ಕ್ಷಿಪಣಿಯೊಂದನ್ನು ಯೂಟಾದ ಮರುಭೂಮಿಯಲ್ಲಿ ಹಾರಿಸಿ, ಖಾಲಿ ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಕೆಡಿಸಿ ತೋರಿಸಿತು. ಅವು ಕೆಡಿಸುವುದು ಒಂದು ಕಟ್ಟಡ, ಒಂದಷ್ಟು ಡ್ರೋನು. ಇಡೀ ಊರಲ್ಲ.

ಇಲ್ಲೊಂದು ಪಕ್ಕದ ಮಾತು. ನಮ್ಮ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರವಾದ ಬಾರ್ಕ್‌ನಲ್ಲಿ "ಕಾಳಿ" ಎಂಬ ಯಂತ್ರವಿದೆ. ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್ ಎಂಬುದರ ಮೊದಲಕ್ಷರಗಳು ಸೇರಿ ಆ ಹೆಸರು. ಹೆಸರಿಗೆ ತಕ್ಕ ಹಾಗೆ ಅದರ ಮೇಲೆ ನೂರು ಪವಾಡ ಹುಟ್ಟಿವೆ. ಶತ್ರುವಿನ ಕ್ಷಿಪಣಿ ಸುಡುತ್ತದಂತೆ, ಹಿಮ ಕುಸಿಯುವ ಹಾಗೆ ಮಾಡುತ್ತದಂತೆ. ಅದು ಎಲೆಕ್ಟ್ರಾನುಗಳ ಜೋರು ಕಂತೆಯನ್ನು ಚಿಮ್ಮಿಸುವ ವೇಗವರ್ಧಕ. ಅದರಿಂದ ಬರುವ ಮೈಕ್ರೋವೇವಿನಿಂದ ವಿಮಾನದ ಎಲೆಕ್ಟ್ರಾನಿಕ್ಸ್ ಎಷ್ಟು ತಡೆದೀತು ಎಂದು ಪರೀಕ್ಷಿಸಬಹುದು. ನನ್ನ ಮಟ್ಟಿಗೆ ಆ ಕೆಲಸವೇ ಸಾಕಷ್ಟು ದೊಡ್ಡದು. ಕಾಳಿಗೆ ಪವಾಡದ ಅಗತ್ಯವಿಲ್ಲ.

ನಿಜಕ್ಕೂ ಬಂದೇ ಬರುವುದು ಸೂರ್ಯನ ಹೊಡೆತ. ಅದು ಇ3ರ ಅಣ್ಣ. ಈ ವಿಷಯದಲ್ಲಿ ಮುಂಬೈಗೆ ಒಂದು ದೊಡ್ಡ ಹೆಸರಿದೆ, ಮುಂಬೈಯವರಿಗೇ ಅದು ಹೆಚ್ಚು ಗೊತ್ತಿಲ್ಲ. 1859ರ ಸೆಪ್ಟೆಂಬರ್ 1 ಮತ್ತು 2ರಂದು ದಾಖಲೆಯಲ್ಲಿರುವ ಅತಿ ದೊಡ್ಡ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ಯುರೋಪು, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿದವು. ಆಗ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತದ ಅಳತೆಯನ್ನು ಮನುಷ್ಯರೇ ಕಣ್ಣಿಟ್ಟು ಓದಿ, ಕೈಯಲ್ಲಿ ಬರೆಯುತ್ತಿದ್ದರು. ಅವರು ಬರೆದಿಟ್ಟದ್ದು ಕಾಂತಬಲದಲ್ಲಿ ಸುಮಾರು 1,600 ನ್ಯಾನೋಟೆಸ್ಲಾದ (ಕಾಂತ ಅಳೆಯುವ ಮಾನ ಅದು) ಕುಸಿತ. ಸಮಭಾಜಕದ ಹತ್ತಿರದ ಊರೊಂದರಲ್ಲಿ ಅಷ್ಟು! 2003ರಲ್ಲಿ ವಿಜ್ಞಾನಿಗಳು ಆ ಬಿರುಗಾಳಿಯ ಬಲ ಲೆಕ್ಕ ಹಾಕಲು ಕೂತಾಗ ಕೈಹಿಡಿದದ್ದು ಕೊಲಾಬಾದ ಆ ಪುಸ್ತಕವೇ. ಮುಂದೆ ಊರಿಗೆ ಕರೆಂಟಿನ ಟ್ರಾಮು ಬರುತ್ತದೆ ಎಂದಾಯಿತು. ಅದರ ತಂತಿಗಳಿಂದ ಕಾಂತ ಅಳೆಯುವ ಸೂಜಿ ಅಲುಗುತ್ತದೆ ಎಂದು 1904ರಲ್ಲಿ ವೀಕ್ಷಣೆಯನ್ನು ಸಮುದ್ರದಾಚೆಯ ಅಲಿಬಾಗಿಗೆ ಒಯ್ದರು. ಟ್ರಾಮು 1907ರಲ್ಲಿ ಬಂತು, 1964ರಲ್ಲಿ ಹೋಯಿತು. ಅಲಿಬಾಗಿನ ಸೂಜಿ ಇನ್ನೂ ಓಡುತ್ತಿದೆ.

1989ರ ಮಾರ್ಚ್ 13ರಂದು ಇದಕ್ಕಿಂತ ಚಿಕ್ಕ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಗ್ರಿಡ್ಡನ್ನು ಒಂದೂವರೆ ನಿಮಿಷದಲ್ಲಿ ಕೆಡವಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕಳೆದರು. ನಾವು ಧ್ರುವದಿಂದ ದೂರ ಇರುವುದರಿಂದ ಸೂರ್ಯನ ಹೊಡೆತ ನಮ್ಮ ಟ್ರಾನ್ಸ್‌ಫಾರ್ಮರುಗಳಿಗೆ ಅಷ್ಟು ತಾಗುವುದಿಲ್ಲ. 2024ರ ಮೇ ತಿಂಗಳ ದೊಡ್ಡ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಮುಲುಂಡಿನಲ್ಲಿ ಫ್ಯಾನು ಎಂದಿನಂತೆ ತಿರುಗುತ್ತಿತ್ತು. ಸೂರ್ಯನ ಬಿರುಗಾಳಿಯಲ್ಲಿ ಇ1 ಇಲ್ಲವೇ ಇಲ್ಲ. ಹಾಗಾಗಿ ಕಾರು, ಫೋನು ಸುಡುವ ಮಾತೇ ಬರುವುದಿಲ್ಲ.

ಇಷ್ಟನ್ನು ತೂಗಿ ನೋಡಿದ ಮೇಲೆ ನಾನು ಏನು ಮಾಡಿದೆ ಅಂತ ಕೇಳಿದರೆ, ಕಾರಿಗೆ ಮಾಡಿದ್ದು ತೀರಾ ಕಡಿಮೆ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಕ್ಯಾನಿನಲ್ಲಿ ಪೆಟ್ರೋಲು ತಂದು ಫ್ಲ್ಯಾಟಿನಲ್ಲಿ ಇಡುವ ಹುಚ್ಚು ಮಾತ್ರ ಬೇಡ. ಇಎಂಪಿಗೆ ಮೊದಲು ಬೆಂಕಿ ಬಂದೀತು. ರಿಮೋಟ್ ಕೀಯ ಒಳಗೆ ಬಚ್ಚಿಟ್ಟಿರುವ ನಿಜವಾದ ಕಬ್ಬಿಣದ ಕೀ ಎಲ್ಲಿದೆ, ಯಾವ ಬಾಗಿಲಿಗೆ ಹೋಗುತ್ತದೆ ಎಂದು ಒಂದು ಭಾನುವಾರ ಕೂತು ನೋಡಿಕೊಂಡೆ. ಹತ್ತು ನಿಮಿಷ ಬೇಕಾಯಿತು, ನಾಚಿಕೆ. ಮಗಳ ಸೈಕಲ್ಲಿಗೆ ಗಾಳಿ ಹೊಡೆಸಿದೆ. ಚಿಪ್ಪಿಲ್ಲದ, ಪಂಪಿನ ಹಂಗಿಲ್ಲದ ಗಾಡಿ ಅದೊಂದೇ. ಗಾಳಿ ಹೊಡೆಯುವ ಕೈಪಂಪು ಬಿಟ್ಟು!

ಮನೆಯಲ್ಲಿ ಮೊದಲ ಮಾತು ಎಚ್ಚರಿಕೆಯದು. ಇ1 ಸೈರನ್ ಕೂಗಿ ಬರುವುದಿಲ್ಲ. ಬಂತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ "ಆಗ ಪ್ಲಗ್ ತೆಗೆಯೋಣ" ಎಂಬುದು ಆಗದ ಮಾತು. ದಿನವೂ ಸಿಕ್ಕಿಸದೆ ಇರುವ ವಸ್ತುವೇ ಉಳಿಯುವ ವಸ್ತು. ಒಂದು ಹಳೇ ಫೋನು, ಪುಟ್ಟ ಟ್ರಾನ್ಸಿಸ್ಟರು, ಟಾರ್ಚು, ಬಿಡಿ ಸೆಲ್ಲುಗಳು. ಇವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಎರಡು ಮೂರು ಸುತ್ತು ಫಾಯಿಲು ಸಂದಿ ಬಿಡದೆ ಸುತ್ತಿದರೆ ಸಾಕು. ಕೊನೆಗೂ ಶೆಟ್ಟರ ರೋಲು ಕೆಲಸಕ್ಕೆ ಬಂತು. ಒಳಗಿನ ವಸ್ತು ಫಾಯಿಲಿಗೆ ತಾಗಬಾರದು, ಅದಕ್ಕೇ ರಟ್ಟು. ಪ್ರೆಷರ್ ಕುಕ್ಕರಿನಲ್ಲಿ ಇಡಿ ಎನ್ನುತ್ತಾರೆ ಕೆಲವರು. ಅದರ ಮುಚ್ಚಳಕ್ಕೂ ಪಾತ್ರೆಗೂ ನಡುವೆ ರಬ್ಬರು ಬಂತಲ್ಲ. ಮೈಕ್ರೋವೇವ್ ಓವನ್ನು ಕಟ್ಟಿರುವುದು ಒಂದೇ ಒಂದು ಅಲೆಯನ್ನು, 2.45 ಗಿಗಾಹರ್ಟ್ಸಿನದನ್ನು, ಒಳಗಿಡಲು. ಬೇರೆ ಅಲೆಗಳಿಗೆ ಅದು ಅಂಥ ಗೋಡೆಯೇನಲ್ಲ. ಫೋನನ್ನು ಒಳಗಿಟ್ಟು ಇನ್ನೊಂದರಿಂದ ಕರೆ ಮಾಡಿ ನೋಡಿ, ಎಷ್ಟೋ ಓವನ್ನುಗಳಲ್ಲಿ ರಿಂಗಾಗುತ್ತದೆ.

ಸೋಲಾರಿನ ಬಗ್ಗೆ ಒಂದು ಭ್ರಮೆ ಬಿಡಿಸಲೇಬೇಕು. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಪುಣೆ, ಠಾಣೆ ಕಡೆಯ ಸೊಸೈಟಿಗಳು ತಾರಸಿ ತುಂಬ ಪ್ಯಾನೆಲ್ ಹಾಕಿಸಿಕೊಂಡಿವೆ. ಕರೆಂಟು ಹೋದರೂ ನಮಗೇನು ಎಂಬ ಧೈರ್ಯ. ಗ್ರಿಡ್ಡಿಗೆ ಕಟ್ಟಿದ ಸಾಮಾನ್ಯ ಸೋಲಾರ್ ಇನ್ವರ್ಟರು ಕರೆಂಟು ಹೋದ ಕೂಡಲೇ ತಾನೂ ಮಲಗುತ್ತದೆ. ಲೈನಿನ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದು ಎಂದು ಹಾಗೆ ಮಾಡಿರುತ್ತಾರೆ. ಬ್ಯಾಟರಿ ಇದ್ದು, ಗ್ರಿಡ್ಡಿಲ್ಲದೆಯೂ ಓಡುವ ಏರ್ಪಾಡು ಮಾಡಿಸಿದ್ದರೆ ಮಾತ್ರ ಬಿಸಿಲು ನಿಮ್ಮದು. ಸೊಸೈಟಿ ಮೀಟಿಂಗಿನಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಉಳಿದದ್ದೆಲ್ಲ ನಮ್ಮ ಅಮ್ಮಂದಿರಿಗೆ ಗೊತ್ತಿದ್ದದ್ದೇ. ಎರಡು ದಿನಕ್ಕಾಗುವ ಕುಡಿಯುವ ನೀರು, ಒಂದು ಡ್ರಮ್ಮು ಬಳಕೆಯ ನೀರು. ಹತ್ತು, ಐವತ್ತು, ನೂರರ ನೋಟುಗಳು, ಯಾಕೆಂದರೆ ಕ್ಯೂಆರ್ ಕೋಡು ಅಂದು ಬರೀ ಚಿತ್ರ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಹದಿನೈದು ದಿನದ್ದು. ಬೆಂಕಿಪೆಟ್ಟಿಗೆ. ಅವಲಕ್ಕಿ. ಫೋನು ನಂಬರುಗಳನ್ನು ಕಾಗದದಲ್ಲಿ ಬರೆದಿಡುವುದು. ನನಗೆ ಹೆಂಡತಿಯ ನಂಬರು ಬಾಯಿಗೆ ಬರುವುದಿಲ್ಲ ಎಂಬುದು ಹೀಗೆ ಬರೆಯುವಾಗಲೇ ಹೊರಬಿದ್ದದ್ದು. ಅದರ ಪರಿಣಾಮ ಇಲ್ಲಿ ಬೇಡ.

ಫೋನಿಲ್ಲದ ದಿನ ಎಲ್ಲಿ ಸೇರುವುದು ಎಂಬುದನ್ನೂ ಮಾತಾಡಿಕೊಂಡೆವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಾನು ಸಿಎಸ್‌ಟಿಯ ಹತ್ತಿರ ಆಫೀಸಿನಲ್ಲಿದ್ದೆ. ರೈಲಿಲ್ಲ, ಫೋನಿಲ್ಲ. ಹಳಿಯ ಮೇಲೆ ನಡೆದು ಮಾಟುಂಗ ಮುಟ್ಟುವಾಗ ರಾತ್ರಿ ಹನ್ನೊಂದು. ಅತ್ತೆಯ ಮನೆಯ ಬಾಗಿಲು ತಟ್ಟಿದೆ. ಮುಲುಂಡಿನಲ್ಲಿ ಮನೆಯವರು ಬೆಳಗಿನವರೆಗೂ ಎದ್ದು ಕೂತಿದ್ದರು. ಈಗ ಮಾತು ಕಟ್ಟಿದ್ದೇವೆ. ದಾದರಿನಿಂದ ಆಚೆ ಸಿಕ್ಕಿಬಿದ್ದವರು ಮಾಟುಂಗದ ಅತ್ತೆಯ ಮನೆಗೆ, ಈಚೆ ಇದ್ದವರು ಮನೆಗೆ. ಬಂದಿಲ್ಲ ಎಂದರೆ ಅಲ್ಲಿದ್ದಾರೆ ಎಂದು ತಿಳಿದುಕೊಳ್ಳುವುದು, ಹುಡುಕಿಕೊಂಡು ಹೊರಡಬಾರದು.

ಇದನ್ನೆಲ್ಲ ಸೊಸೈಟಿ ಮೀಟಿಂಗಿನಲ್ಲಿ ಹೇಳಿದೆ. ಜನರೇಟರಿಗೆ ಹೊಸ ಆಟೋಮ್ಯಾಟಿಕ್ ಪ್ಯಾನೆಲ್ ಹಾಕಿಸುವ ಬಗ್ಗೆ ಒಂದು ಗಂಟೆ ಜಗಳವಾಯಿತು. ಕೊನೆಗೆ ಶೆಟ್ಟರು ಎದ್ದು, "ಅದೆಲ್ಲ ಇರ್ಲಿ, ಕೆಳಗಿನ ಟ್ಯಾಂಕಿನ ಮುಚ್ಚಳ ತೆಗೀಲಿಕ್ಕೆ ಬರ್ತದಾ ಅಂತ ಯಾರಾದ್ರೂ ನೋಡಿದ್ದೀರಾ? ಪಂಪ್ ಇಲ್ಲದಿದ್ರೆ ಕೊಡಪಾನ ಇಳಿಸ್ಬೇಕಲ್ಲ" ಎಂದರು. ಎಲ್ಲರೂ ಎದ್ದು ಕೆಳಗೆ ಹೋದೆವು. ಬೀಗದ ಕೀ ವಾಚ್‌ಮನ್ ಹತ್ತಿರ ಇರಲಿಲ್ಲ, ಸೆಕ್ರೆಟರಿ ಹತ್ತಿರವೂ ಇರಲಿಲ್ಲ. ಬೀಗ ಒಡೆದರೆ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಾರೆ ತಂದು ಮೀಟಿ, ನಾಲ್ಕು ಜನ ಎಳೆದ ಮೇಲೆ ತೆರೆಯಿತು. ಒಳಗೆ ಟಾರ್ಚು ಬಿಟ್ಟು ನೋಡಿದರೆ ಸಾಕಷ್ಟು ನೀರಿತ್ತು, ಕೈಗೆ ಎಟುಕದಷ್ಟು ಕೆಳಗೆ. ಹೊಸ ಬೀಗ ಬಂದಿದೆ. ಒಂದು ಕೀ ಶೆಟ್ಟರ ಹತ್ತಿರ, ಒಂದು ನನ್ನ ಹತ್ತಿರ. ಹಗ್ಗ ಇನ್ನೂ ತಂದಿಲ್ಲ.